ಫೆರೆಟ್ ಸಾಕಣೆ: ಕಾನೂನಿನ ಕಣ್ಣಿನಲ್ಲಿ ಸಾಕುವವರ ಹೊಣೆ

ಫೆರೆಟ್ ಎಂಬುದು ಯೂರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಬೆಳೆಸಿದ, ನೀಳ ಮೈಯ ಸಣ್ಣ ಮಾಂಸಾಹಾರಿ. ನೋಟಕ್ಕೆ ಮುಂಗುಸಿಯಂತಿದ್ದರೂ ಅದು ಆ ಕುಲಕ್ಕೆ ಸೇರಿದ್ದಲ್ಲ, ಕಾವೇರಿ ತುಂಗಭದ್ರೆಗಳಲ್ಲಿ ಕಾಣಸಿಗುವ ನೀರುನಾಯಿಯ ಕುಟುಂಬಕ್ಕೆ ಸೇರಿದ್ದು. ಮೊಲದ ಬಿಲಕ್ಕೆ ಫೆರೆಟ್ಟನ್ನು ಇಳಿಸಿ ಮೊಲಗಳನ್ನು ಹೊರಗಟ್ಟುವ ಪದ್ಧತಿ ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಶತಮಾನಗಳಿಂದ ನಡೆದುಬಂದಿದ್ದು, ಇಂದು ಅಲ್ಲಿ ಅದು ನಾಯಿ ಬೆಕ್ಕುಗಳ ಹಾಗೆ ಮನೆಯೊಳಗೂ ಸಾಕಲ್ಪಡುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಸಾಕಲು ಪರವಾನಗಿ ಬೇಕಿಲ್ಲ. ಆದರೆ ಪರವಾನಗಿ ಬೇಕಿಲ್ಲವೆಂಬ ಮಾತ್ರಕ್ಕೆ ಪ್ರಾಣಿಯನ್ನು ಇಷ್ಟಬಂದಂತೆ ಇಟ್ಟುಕೊಳ್ಳಬಹುದೆಂದು ಭಾವಿಸುವವರು, ಅಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳೂ ಸೇರಿದಂತೆ, 2006ರ ಪ್ರಾಣಿ ಕಲ್ಯಾಣ ಕಾಯ್ದೆಯನ್ನು ಅರಿತಿರಲೇಬೇಕು. ಏಕೆಂದರೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜಾರಿಯಲ್ಲಿರುವ ಆ ಕಾಯ್ದೆಯ ಪ್ರಕಾರ ಪ್ರಾಣಿಯ ಆರೈಕೆಯೂ ಅದಕ್ಕೆ ಕೊಡುವ ತರಬೇತಿಯೂ ಕಾನೂನಿನ ಪರಿಶೀಲನೆಗೆ ಒಳಪಡುವ ವಿಷಯಗಳು.

ಕಾಯ್ದೆಯ 3ನೆಯ ಕಲಂ ಹೊಣೆಗಾರರು ಯಾರೆಂಬುದನ್ನು ಮೊದಲು ನಿರ್ಧರಿಸುತ್ತದೆ. ಪ್ರಾಣಿಯ ಒಡೆಯರಷ್ಟೇ ಅಲ್ಲದೆ, ತಾತ್ಕಾಲಿಕವಾಗಿ ಅದನ್ನು ನೋಡಿಕೊಳ್ಳುವವರೂ ಹೊಣೆಗಾರರೇ. 16 ವರ್ಷ ತುಂಬದ ಮಗು ಸಾಕುತ್ತಿದ್ದರೆ ಹೊಣೆ ಆ ಮಗುವಿನ ಪಾಲಕರದು. ಆ ವಯಸ್ಸಿನ ಮಕ್ಕಳಿಗೆ ಪ್ರಾಣಿಯನ್ನು ಮಾರುವುದು 11ನೆಯ ಕಲಮಿನನ್ವಯ ಅಪರಾಧ.

ಕಾಯ್ದೆಯ ಜೀವಾಳವಿರುವುದು 9ನೆಯ ಕಲಮಿನಲ್ಲಿ. ತಕ್ಕ ವಾಸಸ್ಥಳ, ತಕ್ಕ ಆಹಾರ, ಸಹಜ ವರ್ತನೆಗೆ ಅವಕಾಶ, ಇತರ ಪ್ರಾಣಿಗಳ ಜೊತೆ ಅಥವಾ ಅವುಗಳಿಂದ ಪ್ರತ್ಯೇಕವಾಗಿ ಇರಬೇಕಾದ ಅಗತ್ಯ, ನೋವು ಮತ್ತು ರೋಗಗಳಿಂದ ರಕ್ಷಣೆ ಎಂಬ ಐದು ಅಗತ್ಯಗಳನ್ನು ಪೂರೈಸಲು ಸಮಂಜಸ ಕ್ರಮ ಕೈಗೊಳ್ಳದಿರುವುದೇ ಅಲ್ಲಿ ಅಪರಾಧವಾಗುತ್ತದೆ. ಪ್ರಾಣಿ ನರಳಿತೆಂದು ಸಾಬೀತಾಗುವವರೆಗೆ ಕಾನೂನು ಕಾಯುವುದಿಲ್ಲ. ಫೆರೆಟ್ಟಿನ ಮಟ್ಟಿಗೆ ಈ ಮಾತುಗಳ ಅರ್ಥ ಬಹಳ ನಿರ್ದಿಷ್ಟವಾದದ್ದು. ಅದು ಮಾಂಸವನ್ನು ಮಾತ್ರ ಅರಗಿಸಿಕೊಂಡು ಬದುಕಬಲ್ಲ ಜೀವಿಯಾದ್ದರಿಂದ ಹಾಲು ಬ್ರೆಡ್ಡಿನ ಹಳೆಯ ರೂಢಿಯ ಆಹಾರ ಅದಕ್ಕೆ ಸಲ್ಲದು. ಬೆವರಿನ ಮೂಲಕ ಮೈ ತಂಪಾಗಿಸಿಕೊಳ್ಳಲು ಅದಕ್ಕೆ ಬಾರದಿರುವುದರಿಂದ, ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಿನಲ್ಲಿ ನೆರಳಿಲ್ಲದ ಗೂಡು ಅಥವಾ ಮುಚ್ಚಿದ ಕಾರು ಅದರ ಪ್ರಾಣಕ್ಕೇ ಎರವಾಗಬಹುದು. ಇನ್ನು ಜಿಲ್ ಎಂದು ಕರೆಯಲಾಗುವ ಹೆಣ್ಣು ಫೆರೆಟ್ ಒಮ್ಮೆ ಬೆದೆಗೆ ಬಂದರೆ ಕೂಡುವಿಕೆಯಾಗದೆ ಆ ಸ್ಥಿತಿ ಸಾಮಾನ್ಯವಾಗಿ ಇಳಿಯುವುದಿಲ್ಲ. ವಾರಗಟ್ಟಲೆ ಏರಿಯೇ ಉಳಿಯುವ ಈಸ್ಟ್ರೋಜನ್ ಎಂಬ ಹಾರ್ಮೋನು ಮೂಳೆಮಜ್ಜೆಯನ್ನು ಕುಗ್ಗಿಸಿ ಮಾರಕ ರಕ್ತಹೀನತೆಯನ್ನು ತರುತ್ತದೆ. ಪಶುವೈದ್ಯರು ಹಾರ್ಮೋನು ಚುಚ್ಚುಮದ್ದು, ಚರ್ಮದಡಿ ಇಡುವ ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಇದನ್ನು ತಡೆಯಬಲ್ಲರಾದ್ದರಿಂದ, ಗೊತ್ತಿದ್ದೂ ಸುಮ್ಮನಿರುವ ಒಡೆಯರ ನಡತೆ ಐದನೆಯ ಅಗತ್ಯದ ಉಲ್ಲಂಘನೆಯಾಗುವ ಸಂಭವ ಹೆಚ್ಚು.

ತರಬೇತಿಯ ವಿಷಯದಲ್ಲಿ ಕಾಯ್ದೆಯ 4ನೆಯ ಕಲಂ ಮುಖ್ಯವಾದುದು; ಅದು ಅನಗತ್ಯ ಯಾತನೆಯನ್ನು, ಅಂದರೆ ನ್ಯಾಯಯುತ ಉದ್ದೇಶವಿಲ್ಲದ ಅಥವಾ ಉದ್ದೇಶದ ಪ್ರಮಾಣವನ್ನು ಮೀರಿದ ನೋವನ್ನು, ನಿಷೇಧಿಸುತ್ತದೆ. ಕಿಟ್ ಎನ್ನಲಾಗುವ ಫೆರೆಟ್ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತಲೇ ಬೆಳೆಯುವುದರಿಂದ ಮನುಷ್ಯರ ಬೆರಳನ್ನೂ ಹಾಗೆಯೇ ಕಚ್ಚುತ್ತವೆ; ಅದರಲ್ಲಿ ದುಷ್ಟತನವಿಲ್ಲ. ಕಚ್ಚಿದ ಮರಿಯ ಮೂಗಿಗೆ ಬೆರಳಿನಿಂದ ಹೊಡೆಯುವ ರೂಢಿ ಕೆಲವರಲ್ಲಿದ್ದರೂ ಅದರಿಂದ ಪ್ರಾಣಿ ಕೈಯನ್ನು ಕಂಡೊಡನೆ ಹೆದರಿ ಇನ್ನೂ ಗಟ್ಟಿಯಾಗಿ ಕಚ್ಚಲು ಕಲಿಯುತ್ತದೆಯೇ ಹೊರತು ಬೇರೇನನ್ನೂ ಕಲಿಯುವುದಿಲ್ಲ. ದಿನವೂ ಮೃದುವಾಗಿ ಎತ್ತಿಕೊಂಡು ರೂಢಿ ಮಾಡಿಸುವುದು, ಕಚ್ಚಿದಾಗ ಆಟ ನಿಲ್ಲಿಸಿ ಕ್ಷಣಕಾಲ ಕೆಳಗಿಡುವುದು, ಬಿಟ್ಟಾಗ ಮಾಂಸದ ತುಣುಕು ಕೊಡುವುದು, ಅದು ತಾನಾಗಿ ಆರಿಸಿಕೊಂಡ ಮೂಲೆಯಲ್ಲೇ ಮಲದ ತಟ್ಟೆಯಿಡುವುದು ಇವೇ ಫಲ ಕೊಡುವ ಕ್ರಮಗಳು. ಹೊಡೆತದಿಂದ ಗಾಯವಾದರೆ ‘ಕಲಿಸಲೆಂದು ಹೊಡೆದೆ’ ಎಂಬ ಸಮರ್ಥನೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. 2021ರ ಶಿಕ್ಷಾ ತಿದ್ದುಪಡಿಯ ನಂತರ ಅನಗತ್ಯ ಯಾತನೆಗೆ 5 ವರ್ಷಗಳವರೆಗಿನ ಸೆರೆವಾಸವನ್ನೂ ಗರಿಷ್ಠ ಮಿತಿಯಿಲ್ಲದ ದಂಡವನ್ನೂ ವಿಧಿಸಬಹುದಾಗಿದ್ದು, ಮುಂದೆ ಪ್ರಾಣಿ ಸಾಕದಂತೆ ನಿರ್ಬಂಧಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ದೂರು ಬಂದಾಗ ಸಾಕುವವರಿಗೂ ಹಕ್ಕುಗಳುಂಟು. 10ನೆಯ ಕಲಮಿನಡಿ ಅಧಿಕೃತ ಪರಿವೀಕ್ಷಕರು ಸುಧಾರಣಾ ನೋಟಿಸು ನೀಡಬಹುದು. ಲೋಪವೇನು, ಅದನ್ನು ಹೇಗೆ ಮತ್ತು ಎಷ್ಟು ಕಾಲದೊಳಗೆ ಸರಿಪಡಿಸಬೇಕು ಎಂಬುದನ್ನು ಆ ನೋಟಿಸು ತಿಳಿಸಬೇಕು, ಮತ್ತು ಗಡುವು ಮುಗಿಯುವ ಮೊದಲು ಅದೇ ಲೋಪಕ್ಕೆ ಮೊಕದ್ದಮೆ ಹೂಡುವಂತಿಲ್ಲ. ಪ್ರಾಣಿ ಯಾತನೆಯಲ್ಲಿದೆ ಎಂದು ನಂಬಲು ಕಾರಣವಿದ್ದರೆ ಪೊಲೀಸರು ಮತ್ತು ಪರಿವೀಕ್ಷಕರು ಆವರಣವನ್ನು ಪ್ರವೇಶಿಸಬಹುದಾದರೂ, 19ನೆಯ ಕಲಂ ವಾಸದ ಮನೆಯ ಭಾಗವನ್ನು ಆ ಅಧಿಕಾರದಿಂದ ಹೊರಗಿಟ್ಟಿದೆ. ಅಲ್ಲಿಗೆ ವಾರಂಟು ಬೇಕು. ಪ್ರಾಣಿದಯೆಗೆ ಹೆಸರಾದ ಆರ್‌ಎಸ್‌ಪಿಸಿಎ ದತ್ತಿ ಸಂಸ್ಥೆಯಾದ್ದರಿಂದ ಅದರ ಸಿಬ್ಬಂದಿಗೆ ಸ್ವಂತ ಬಲದಿಂದ ಮನೆ ಹೊಕ್ಕುವ ಅಧಿಕಾರವಿಲ್ಲ, ಆದರೆ ಖಾಸಗಿ ಮೊಕದ್ದಮೆ ಹೂಡುವ ಹಕ್ಕಿದೆ.

ಬಾಡಿಗೆ ಮನೆಯವರಿಗೆ ಇಂಗ್ಲೆಂಡಿನ 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಸ್ವಲ್ಪ ಬಲ ತಂದಿದೆ: ಪ್ರಾಣಿ ಸಾಕಲು ಬರಹದಲ್ಲಿ ಅನುಮತಿ ಕೇಳಿದರೆ ಮಾಲೀಕರು 28 ದಿನಗಳೊಳಗೆ ಉತ್ತರಿಸಬೇಕು, ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ.

ಭಾರತದಿಂದ ಬ್ರಿಟನ್ನಿಗೆ ಸಾಕುಪ್ರಾಣಿಯಾಗಿ ಫೆರೆಟ್ಟನ್ನು ಒಯ್ಯುವವರಿಗೆ ಕ್ರಮದ ತಪ್ಪೇ ದೊಡ್ಡ ತೊಡಕು. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಲಸಿಕೆಯ ಬಳಿಕ ಕನಿಷ್ಠ 30 ದಿನ ಕಳೆದು ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ 3 ತಿಂಗಳ ಕಾಯುವಿಕೆ, ಕೊನೆಗೆ ಆರೋಗ್ಯ ಪ್ರಮಾಣಪತ್ರ. ಚಿಪ್ ಅಳವಡಿಸುವ ಮೊದಲೇ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಂತೂ ಫೆರೆಟ್ಟನ್ನು ಮನೆಯಲ್ಲಿ ಸಾಕುವುದೇ ನಿಷಿದ್ಧ; 2004ರಲ್ಲಿ ಶಾಸಕಾಂಗ ಒಪ್ಪಿದ ಸಡಿಲಿಕೆಯನ್ನು ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ತಡೆಹಿಡಿದರು.

ಭಾರತದಲ್ಲಿ ಫೆರೆಟ್ಟಿಗೆಂದೇ ರೂಪಿಸಿದ ಕಾಯ್ದೆಯಿಲ್ಲವಾದರೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಪ್ರಾಣಿಯ ಯೋಗಕ್ಷೇಮ ನೋಡಿಕೊಳ್ಳುವುದು 3ನೆಯ ಕಲಮಿನಂತೆ ಸಾಕುವವರ ಕರ್ತವ್ಯ. ಮೈಕೈ ಆಡಿಸಲು ಜಾಗವಿಲ್ಲದ ಪಂಜರದಲ್ಲಿ ಕೂಡಿಹಾಕುವುದು 11ನೆಯ ಕಲಮಿನಂತೆ ಅಪರಾಧ. 2014ರ ನಾಗರಾಜ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಸಿವು, ಭಯ, ನೋವುಗಳಿಂದ ಮುಕ್ತಿಯೂ ಸೇರಿದಂತೆ ಐದು ಸ್ವಾತಂತ್ರ್ಯಗಳನ್ನು ಈ ಕಲಮುಗಳೊಳಗೆ ಓದಿಕೊಂಡಿದೆ. ಅಷ್ಟು ಉದಾತ್ತ ವ್ಯಾಖ್ಯಾನದ ಕೆಳಗೆ ಮೊದಲ ಅಪರಾಧಕ್ಕಿರುವ ದಂಡ 10ರಿಂದ 50 ರೂಪಾಯಿ ಮಾತ್ರ ಎಂಬುದು ಶಾಸಕಾಂಗ ಇನ್ನಾದರೂ ಸರಿಪಡಿಸಬೇಕಾದ ಲೋಪ. ಪಂಜರದ ಅಪರಾಧ ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸಲಾಗದ ವರ್ಗದ್ದು. ಹೀಗಾಗಿ ನೊಂದ ಪ್ರಾಣಿಯ ಪರವಾಗಿ ನಿಲ್ಲಬಯಸುವ ನಾಗರಿಕರು ದಿನಾಂಕ ಸಹಿತ ಚಿತ್ರಗಳನ್ನೂ ಪಶುವೈದ್ಯರ ವರದಿಯನ್ನೂ ಜೋಡಿಸಿಕೊಂಡು ನೇರವಾಗಿ ಮ್ಯಾಜಿಸ್ಟ್ರೇಟರಿಗೆ ದೂರು ಸಲ್ಲಿಸಬಹುದು, ಮತ್ತು 36ನೆಯ ಕಲಂ ಅಪರಾಧ ನಡೆದ ದಿನದಿಂದ 3 ತಿಂಗಳು ಕಳೆದ ಮೇಲೆ ಮೊಕದ್ದಮೆಯನ್ನು ನಿರ್ಬಂಧಿಸುವುದರಿಂದ ಆ ಗಡುವಿನೊಳಗೇ ಸಲ್ಲಿಸಬೇಕು.