ಜೋಡಿ ಯಂತ್ರ

ಚನ್ನಪಟ್ಟಣದ ಬೊಂಬೆಬಂಡಿಯ ಚಕ್ರಗಳನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣವೇರಿಸಿದ ಆ ಚಕ್ರಗಳು ಒಂದರಂತೆಯೇ ಮತ್ತೊಂದು ಇರುತ್ತವೆ. ಒಂದೇ ಅಚ್ಚಿಗೆ ಬಿಗಿದ ಎರಡು ಚಕ್ರಗಳಲ್ಲಿ ಒಂದು ತುಸು ಚಿಕ್ಕದಾದರೂ ಬಂಡಿಯು ನೇರವಾಗಿ ಸಾಗದೆ ಅತ್ತ ಕಡೆಗೆ ತಿರುಗುತ್ತದೆ. ಸರಿಸಮನಾದುದನ್ನು ಮತ್ತೆ ಮಾಡಬಲ್ಲ ಈ ಕೌಶಲಕ್ಕೆ ಯಂತ್ರಮಾನವರ ಲೋಕದಲ್ಲಿಯೂ ಬೆಲೆಯುಂಟು.

ಡೀನ್ ಕಾಮೆನ್ ಎಂಬವರು 1989ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆಯು 1992ರಿಂದ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ರೋಬಾಟ್ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ಬಹುಕಾಲ ಅಲ್ಲಿ ಒಂದು ಕಟ್ಟಳೆಯಿತ್ತು. ಸುಮಾರು ಆರು ವಾರಗಳಲ್ಲಿ ಯಂತ್ರವನ್ನು ಕಟ್ಟಿ ಮುಗಿಸಬೇಕು. ಗಡುವು ತೀರಿದ ಮೇಲೆ ಸ್ಪರ್ಧೆಯ ತನಕ ಅದನ್ನು ಮುಟ್ಟಕೂಡದು. ಹೀಗಿರುವಾಗ ಅಭ್ಯಾಸ ಮಾಡುವುದು ಹೇಗೆ? ಅನುಕೂಲವುಳ್ಳ ತಂಡಗಳು ಅದೇ ಅಳತೆಯ ಎರಡನೆಯ ಯಂತ್ರವೊಂದನ್ನು ಕಟ್ಟಿಕೊಂಡವು. ಹಣವಿಲ್ಲದ ತಂಡಗಳು ಕೈಕಟ್ಟಿ ಕುಳಿತುಕೊಳ್ಳಬೇಕಾಯಿತು. 2020ರ ಸ್ಪರ್ಧೆಗಳಿಂದ ಈ ಕಟ್ಟಳೆಯನ್ನು ಕೈಬಿಡಲಾಯಿತು.

ಆದರೂ ಜೋಡಿ ಯಂತ್ರದ ಉಪಯೋಗ ತೀರಲಿಲ್ಲ. ಒಂದನ್ನು ನಡೆಸಿ ಒಬ್ಬರು ಕೈ ಪಳಗಿಸಿಕೊಳ್ಳುತ್ತಿರುವಾಗ, ಮತ್ತೊಂದರಲ್ಲಿ ಇನ್ನೊಬ್ಬರು ಆದೇಶಗಳನ್ನು ತಿದ್ದಬಹುದು. ಅಭ್ಯಾಸದಲ್ಲಿ ಮುರಿಯುವ ಭಾಗವು ಸ್ಪರ್ಧೆಯಲ್ಲಿಯೂ ಮುರಿದೀತೆಂಬ ಮುನ್ನೆಚ್ಚರಿಕೆ ದೊರೆಯುತ್ತದೆ. ಆದರೆ ಎರಡರ ತೂಕ, ಚಕ್ರ, ಮೋಟಾರು, ಬ್ಯಾಟರಿಗಳು ಒಂದೇ ಬಗೆಯವಾಗಿರಬೇಕು. ಬ್ಯಾಟರಿಯ ಶಕ್ತಿ ಕುಂದಿದರೆ ವೇಗವೂ ಕುಂದುತ್ತದೆ. ಆದುದರಿಂದ 'ಮೂರು ಸೆಕೆಂಡು ಸಾಗು' ಎಂಬ ಆದೇಶಕ್ಕಿಂತ 'ಚಕ್ರ ಐದು ಸುತ್ತು ತಿರುಗಲಿ' ಎಂಬ ಆದೇಶವೇ ಹೆಚ್ಚು ನಂಬತಕ್ಕುದು.

ಜೋಡಿ ಯಂತ್ರವಿದ್ದರೆ ಗೆಲುವು ಖಂಡಿತವೆಂದು ಭಾವಿಸಲಾಗದು. 2009ರಲ್ಲಿ ಮಂಗಳ ಗ್ರಹದ ಮೇಲೆ 'ಸ್ಪಿರಿಟ್' ಎಂಬ ಸಂಚಾರಿ ವಾಹನವು ಮರಳಿನಲ್ಲಿ ಹೂತುಹೋಯಿತು. ನಾಸಾದ ವಿಜ್ಞಾನಿಗಳು ಭೂಮಿಯ ಮೇಲೆ ಅಂಥದೇ ಮಣ್ಣನ್ನು ಹರಡಿ, ಪರೀಕ್ಷಾ ವಾಹನವನ್ನು ಅದರಲ್ಲಿ ಹೂತು, ಹೊರತೆಗೆಯುವ ಬಗೆಗಳನ್ನು ತಿಂಗಳುಗಟ್ಟಲೆ ಪ್ರಯೋಗಿಸಿದರು. ಆದರೂ ಸ್ಪಿರಿಟ್ ಮೇಲೇಳಲಿಲ್ಲ. ಮಂಗಳದಲ್ಲಿ ಗುರುತ್ವಾಕರ್ಷಣೆಯು ಭೂಮಿಯದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಅದನ್ನು ಇಲ್ಲಿಯ ಮಣ್ಣಿನಲ್ಲಿ ಪೂರ್ಣವಾಗಿ ಅನುಕರಿಸುವುದು ಸಾಧ್ಯವಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ತಾಲೀಮು ನಡೆದಿದೆ. ಚಂದ್ರಯಾನ-2ಕ್ಕಾಗಿ ಇಸ್ರೋ ಸಂಸ್ಥೆಯು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿ, ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಿತು. 2019ರ ಸೆಪ್ಟೆಂಬರಿನಲ್ಲಿ ಆ ನೌಕೆಯು ನೆಲಕ್ಕಪ್ಪಳಿಸಿತು. ವಿಜ್ಞಾನಿಗಳು ಎದೆಗುಂದದೆ, ತಪ್ಪುಗಳನ್ನು ಹುಡುಕಿ, ಮತ್ತೆ ಪರೀಕ್ಷೆಗಳನ್ನು ನಡೆಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಮೆಲ್ಲನೆ ಇಳಿಯಿತು.

ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣಗಳ ಶಾಲೆಯೊಂದರಲ್ಲಿ ಎರಡು ಯಂತ್ರಗಳನ್ನು ಕೊಳ್ಳುವಷ್ಟು ಹಣವಿಲ್ಲದಿರಬಹುದು. ಹಾಗೆಂದು ಅಭ್ಯಾಸ ನಿಲ್ಲಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಸ್ಪರ್ಧೆಯ ಅಂಗಳವನ್ನು ಬರೆಯಬಹುದು. ಮರದ ಚಕ್ರಗಳನ್ನೂ ರಟ್ಟನ್ನೂ ಜೋಡಿಸಿ ಅದೇ ಅಳತೆಯ ಮಾದರಿಯನ್ನು ಮಾಡಿ, ಅದು ಎಲ್ಲಿ ತಿರುಗಬಲ್ಲದು, ಎಲ್ಲಿ ಸಿಕ್ಕಿಕೊಳ್ಳುವುದು ಎಂಬುದನ್ನು ಮೊದಲೇ ಅರಿಯಬಹುದು. ಕಂಡ ತಪ್ಪುಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು. ತಾಲೀಮಿನಲ್ಲಿ ಎಡವಿದವನಿಗೆ ಎದ್ದು ನಿಲ್ಲಲು ಕಾಲಾವಕಾಶವಿರುತ್ತದೆ; ಕಣದಲ್ಲಿ ಎಡವಿದವನಿಗೆ ಅದು ದೊರೆಯುವುದು ವಿರಳ.