ಮೊದಲು ನಾಯಿಯ ಜಾಗ, ಆಮೇಲೆ ಅಕ್ಕಿ ಚೀಲ: ಲಾಂಗ್ ಡ್ರೈವ್‌ಗೆ 12 ಸೂತ್ರಗಳು

ಬಳ್ಳಾರಿ ಜಿಲ್ಲೆಯ ಸಿರಿಗೇರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಶಿರಾ, ತುಮಕೂರು ದಾಟಬೇಕು. ಹಬ್ಬ ಮುಗಿಸಿ ಭಾನುವಾರ ಹೊರಟವರು ಸೋಮವಾರ ಬೆಳಗ್ಗೆ ಲಾಗಿನ್ ಆಗಬೇಕು. ಡಿಕ್ಕಿಯಲ್ಲಿ ಸೋನಾ ಮಸೂರಿ ಚೀಲ, ರೊಟ್ಟಿ ಗಂಟು, ಖಾರದಪುಡಿ ಡಬ್ಬಿ. ಹಿಂದಿನ ಸೀಟಿನಲ್ಲಿ ನಾಯಿ. ಇಷ್ಟನ್ನೂ ಹೊತ್ತ ಕಾರು ಸುಸೂತ್ರವಾಗಿ ಸಾಗುವುದೋ, ದಾರಿಯುದ್ದಕ್ಕೂ ಗೋಳಾಗುವುದೋ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ.

ಪ್ಯಾಕಿಂಗ್ ಒಂದು ಸ್ಕಿಲ್. ಕಲಿತರೆ ಯಾರಿಗೂ ಬರುತ್ತದೆ. ಮಾತು ಬಾರದ ಜೀವವನ್ನು ಕ್ಷೇಮವಾಗಿ ಊರು ಮುಟ್ಟಿಸುವವನಿಗೆ ಪ್ರಾಜೆಕ್ಟನ್ನು ಡೆಡ್‌ಲೈನ್ ಮುಟ್ಟಿಸುವುದೂ ಗೊತ್ತಾಗುತ್ತದೆ. ಇಲ್ಲಿವೆ 12 ಸೂತ್ರಗಳು. ಇವತ್ತೇ ಶುರು ಮಾಡಿ.

1. ಮೊದಲು ನಾಯಿಯ ಜಾಗ ಫಿಕ್ಸ್ ಮಾಡಿ.
ಸಾಮಾನು ತುಂಬಿ ಉಳಿದ ಜಾಗದಲ್ಲಿ ನಾಯಿಯನ್ನು ಕೂರಿಸಬೇಡಿ. ನಾಯಿಯ ಜಾಗ ಗುರುತು ಮಾಡಿ, ಉಳಿದಲ್ಲಿ ಸಾಮಾನು ಇಡಿ. ಆರೇಳು ಗಂಟೆಯ ಪಯಣದಲ್ಲಿ ಅದು ಎದ್ದು ನಿಲ್ಲಬೇಕು, ಒಂದು ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಹ್ಯಾಚ್‌ಬ್ಯಾಕ್ ಕಾರಾದರೆ ಹಿಂದಿನ ಸೀಟಿನ ಎಡಭಾಗ ಕೊಡಿ. ಇಳಿಸುವಾಗ ರಸ್ತೆಯ ಅಂಚಿನ ಕಡೆ ಇಳಿಯುತ್ತದೆ, ಲಾರಿಗಳ ಕಡೆಗಲ್ಲ. ಸೆಡಾನ್ ಕಾರಿನ ಮುಚ್ಚಿದ ಡಿಕ್ಕಿಯಲ್ಲಿ ಎಂದೂ ಹಾಕಬೇಡಿ. ಅಲ್ಲಿ ಗಾಳಿಯಿಲ್ಲ, ಎಸಿ ತಲುಪುವುದಿಲ್ಲ. ಮುಂದಿನ ಸೀಟೂ ಬೇಡ. ಏರ್‌ಬ್ಯಾಗ್ ಸಿಡಿದರೆ ನಾಯಿಯ ಎದೆ, ಕುತ್ತಿಗೆ ತಡೆಯವು.

2. ಹಾರ್ನೆಸ್ ಹಾಕದೆ ಗಾಡಿ ಸ್ಟಾರ್ಟ್ ಮಾಡಬೇಡಿ.
ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರ್ ಒಳಗೆ ನಿಂತರೆ, 20 ಕೆ.ಜಿ. ನಾಯಿ ಮುಂದಕ್ಕೆ ನುಗ್ಗುವ ಬಲ ಸುಮಾರು 400 ಕೆ.ಜಿ. ಭಾರಕ್ಕೆ ಸಮ. 75 ಕೆ.ಜಿ.ಯ ಐದು ಭತ್ತದ ಚೀಲ ಒಟ್ಟಿಗೆ ನಿಮ್ಮ ಸೀಟಿನ ಬೆನ್ನಿಗೆ ಬಂದು ಬಡಿದ ಹಾಗೆ. ಎದೆಗೆ ಅಗಲ ಪಟ್ಟಿಯಿರುವ ಹಾರ್ನೆಸ್ ಕೊಳ್ಳಿ. ಅದರ ಬೆಲ್ಟನ್ನು ಸೀಟ್ ಬೆಲ್ಟ್ ಬಕಲ್‌ಗೆ ಸಿಕ್ಕಿಸಿ. ಕುತ್ತಿಗೆಯ ಪಟ್ಟಿಗೆ ಮಾತ್ರ ಕಟ್ಟಬೇಡಿ, ಸಡನ್ ಬ್ರೇಕ್ ಹಾಕಿದಾಗ ಅದೇ ಉರುಳಾಗುತ್ತದೆ. ಬೆಲ್ಟ್ ಉದ್ದವನ್ನು ಮಲಗಲು ಬರುವಷ್ಟು ಬಿಡಿ, ಮುಂದಿನ ಸೀಟಿಗೆ ಹಾರುವಷ್ಟು ಬಿಡಬೇಡಿ.

3. ಭಾರ ಕೆಳಗೆ, ಹಗುರ ಮೇಲೆ.
ಅಕ್ಕಿ ಚೀಲ ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಅಡ್ಡ ಮಲಗಿಸಿ. ಅದರ ಪಕ್ಕ ಎಣ್ಣೆ ಡಬ್ಬಿ, ಬೇಳೆ ಚೀಲ. ಮೇಲೆ ಬಟ್ಟೆ ಬ್ಯಾಗ್, ರೊಟ್ಟಿ ಗಂಟು. ಸಂದುಗಳಿಗೆ ಟವೆಲ್ ತುರುಕಿ, ಏನೂ ಅಲುಗಾಡಬಾರದು. ಹಿಂದಿನ ಸೀಟಿನ ತಲೆದಿಂಬಿಗಿಂತ ಮೇಲೆ ಏನನ್ನೂ ಪೇರಿಸಬೇಡಿ. ಬ್ರೇಕ್ ಹಾಕಿದಾಗ ಮೇಲಿನ ಡಬ್ಬಿ ಉರುಳುವುದು ನಾಯಿಯ ತಲೆ ಮೇಲೆಯೇ. ಸಿಎನ್‌ಜಿ ಕಾರಾದರೆ ಸಾಮಾನ್ಯವಾಗಿ ಡಿಕ್ಕಿಯ ಬಹುಪಾಲು ಸಿಲಿಂಡರಿಗೇ ಹೋಗುತ್ತದೆ. ಆಗ ಸಾಮಾನು ಕಮ್ಮಿ ಮಾಡಿ, ನಾಯಿಯ ಜಾಗ ಕಮ್ಮಿ ಮಾಡಬೇಡಿ. ಇನ್ನೊಂದು ಚೀಲ ಅಕ್ಕಿಯನ್ನು ಪಾರ್ಸೆಲ್‌ಗೆ ಹಾಕಬಹುದು.

4. ಕಾಲಿಡುವ ಜಾಗ ತುಂಬಿ, ಮೇಲೆ ಕೌದಿ ಹಾಸಿ.
ಮುಂದಿನ ಮತ್ತು ಹಿಂದಿನ ಸೀಟಿನ ನಡುವಿನ ಗುಂಡಿಗೆ ಮೆತ್ತನೆಯ ಬಟ್ಟೆ ಬ್ಯಾಗುಗಳನ್ನು ತುಂಬಿ, ಸೀಟಿನ ಮಟ್ಟಕ್ಕೆ ತನ್ನಿ. ಅದರ ಮೇಲೆ ಅವ್ವ ಹೊಲಿದ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಸೀಟು ಮಂಚವಾಯಿತು. ತಿರುವಿನಲ್ಲಿ ನಾಯಿ ಜಾರುವುದಿಲ್ಲ, ಗುಂಡಿಗೆ ಬೀಳುವುದಿಲ್ಲ. ಕೌದಿಗೆ ಮನೆಯ ವಾಸನೆ ಇರುತ್ತದೆ, ಆ ವಾಸನೆಗೇ ಅರ್ಧ ಭಯ ಇಳಿಯುತ್ತದೆ. ಮುಧೋಳ ನಾಯಿಗಂತೂ ಇದು ಬೇಕೇ ಬೇಕು. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಗಟ್ಟಿ ಸೀಟಿನಲ್ಲಿ ಮೊಣಕೈ ಒತ್ತುತ್ತದೆ, ಎಸಿ ಗಾಳಿಗೆ ಚಳಿ ಹಿಡಿಯುತ್ತದೆ.

5. ಉಳ್ಳಾಗಡ್ಡಿ ಚೀಲ ನಾಯಿಗೆ ಸಿಗದ ಹಾಗೆ ಇಡಿ.
ಊರಿಂದ ಹೊರಟ ಕಾರಿನಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಚಟ್ನಿ ಇಲ್ಲದೆ ಇರುವುದಿಲ್ಲ. ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿಯೂ ವಿಷವೇ. ಕೆಲವು ಶುಗರ್‌ಫ್ರೀ ಚ್ಯೂಯಿಂಗ್ ಗಮ್‌ಗಳಲ್ಲಿರುವ ಜೈಲಿಟಾಲ್ ಇನ್ನೂ ಅಪಾಯ. ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಹಾಕಿ, ಡಿಕ್ಕಿಯ ತಳಕ್ಕೆ ಇಳಿಸಿ. ಒಣಮೆಣಸಿನಕಾಯಿ ಮತ್ತು ಖಾರದಪುಡಿಗೆ ಡಬಲ್ ಪ್ಯಾಕಿಂಗ್ ಮಾಡಿ. ಮುಚ್ಚಿದ ಕಾರಿನಲ್ಲಿ ಅದರ ಘಾಟು ನಮಗಿಂತ ಮೊದಲು ನಾಯಿಯ ಮೂಗಿಗೆ ಬಡಿಯುತ್ತದೆ.

6. ನಾಯಿಗೆ ಒಂದೇ ಬ್ಯಾಗ್ ಮಾಡಿ.
ಹತ್ತು ಕವರುಗಳಲ್ಲಿ ಹತ್ತು ಸಾಮಾನು ಬೇಡ. ಜಿಪ್ ಇರುವ ಒಂದು ಬ್ಯಾಗ್ ಸಾಕು. ಅದರಲ್ಲಿ ಇಷ್ಟಿರಲಿ: ಹೊತ್ತಿಗೊಂದರಂತೆ ಕಟ್ಟಿದ ಊಟದ ಪೊಟ್ಟಣ, ಒಂದು ಹೊತ್ತಿನ ಎಕ್ಸ್‌ಟ್ರಾ ಪೊಟ್ಟಣ, ಸ್ಟೀಲ್ ಬಟ್ಟಲು, ಹೆಚ್ಚುವರಿ ಲೀಶ್, ಎರಡು ಹಳೆ ಟವೆಲ್, ಹಳೆ ಪೇಪರ್, ಮಲ ಎತ್ತಲು ಕವರ್, ಟಿಶ್ಯೂ, ಗಾಯಕ್ಕೆ ಹತ್ತಿ ಮತ್ತು ಬ್ಯಾಂಡೇಜ್, ಉಣ್ಣೆ ಹುಳು ಕೀಳುವ ಚಿಮಟ, ಟಾರ್ಚ್, ಡಾಕ್ಟರ್ ಬರೆದುಕೊಟ್ಟ ಔಷಧಿ. ನಮ್ಮ ನೋವಿನ ಮಾತ್ರೆ, ಜ್ವರದ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಜೀವಕ್ಕೇ ಕುತ್ತು ತರಬಲ್ಲವು. ಈ ಬ್ಯಾಗ್ ಡಿಕ್ಕಿಯೊಳಗಲ್ಲ, ಮುಂದಿನ ಸೀಟಿನ ಕೆಳಗೆ ಇರಲಿ. ವಾಂತಿಯಾದಾಗ ಟವೆಲ್ ಕೈಗೆ ಸಿಗಬೇಕು, ಅಕ್ಕಿ ಚೀಲದ ಅಡಿಯಿಂದ ಎಳೆಯುವ ಹಾಗಿರಬಾರದು.

7. ನೀರನ್ನು ಅಳೆದು ಒಯ್ಯಿರಿ.
ನಾಯಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಬೇಕು. 20 ಕೆ.ಜಿ. ನಾಯಿಗೆ ಒಂದು ಲೀಟರ್ ಅಥವಾ ಸ್ವಲ್ಪ ಹೆಚ್ಚು. ನಮ್ಮ ಬಿಸಿಲಿಗೆ ಅದರ ದುಪ್ಪಟ್ಟು ಇಟ್ಟುಕೊಳ್ಳಿ. ಮೈ ಒದ್ದೆ ಮಾಡಲು ಬೇರೆ ನೀರು ಬೇಕು. ಐದು ಲೀಟರಿನ ಒಂದು ಕ್ಯಾನ್ ಮನೆಯಲ್ಲೇ ತುಂಬಿಸಿ. ದಾರಿ ಬದಿಯ ಕಾಲುವೆ, ಹೊಲದ ಗುಂಡಿಯ ನೀರು ಕುಡಿಸಬೇಡಿ. ಹತ್ತಿಗೆ, ಮೆಣಸಿನ ಗಿಡಕ್ಕೆ ಹೊಡೆದ ಔಷಧಿ ಆ ನೀರಿಗೇ ಇಳಿದಿರಬಹುದು. ಪ್ರತಿ ಸ್ಟಾಪ್‌ನಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ. ಒಂದೇ ಸಲ ಬಟ್ಟಲು ತುಂಬ ಕುಡಿದರೆ ಮುಂದಿನ ಹಂಪ್‌ನಲ್ಲಿ ಎಲ್ಲ ಹೊರಗೆ.

8. ಕೋಳಿ ಕೂಗುವ ಹೊತ್ತಿಗೆ ಹೊರಡಿ.
ಏಪ್ರಿಲ್-ಮೇನಲ್ಲಿ ಬಳ್ಳಾರಿ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರು ಗ್ರಂಥಿಗಳಿರುವುದು ಪಾದದಲ್ಲಿ. ನಾಲಿಗೆ ಹೊರಚಾಚಿ ತೇಕಿಯೇ ಅದು ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಅದೂ ಕಷ್ಟ. ಬೆಳಗಿನ ನಾಲ್ಕೂವರೆಗೆ ಹೊರಟರೆ ಬಿಸಿಲೇರುವ ಮೊದಲೇ ಹಿರಿಯೂರು ದಾಟುತ್ತೀರಿ. ಹಿಂದಿನ ರಾತ್ರಿ ಎಂಟರೊಳಗೆ ಹಗುರ ಊಟ ಕೊಡಿ, ಹೊರಡುವಾಗ ನೀರು ಮಾತ್ರ. ಬೆಳಗಿನ ತಿಂಡಿ ದಾರಿಯಲ್ಲಿ, ಸ್ಟಾಪ್‌ನಲ್ಲಿ, ಅರ್ಧ ಪಾಲು ಮಾತ್ರ.

9. ಸ್ಟಾಪ್‌ಗಳನ್ನು ಮೊದಲೇ ಬರೆದಿಡಿ.
ಎರಡು ಗಂಟೆಗೊಮ್ಮೆ ನಿಲ್ಲಿಸಿ. ಎಲ್ಲೆಲ್ಲಿ ನಿಲ್ಲುವುದು ಎಂದು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ನೆರಳಿರುವ ಪೆಟ್ರೋಲ್ ಬಂಕ್ ಆರಿಸಿ, ಹೆದ್ದಾರಿಯ ಅಂಚು ಬೇಡ. ಮೊದಲು ಲೀಶ್ ಹಾಕಿ, ತುದಿಯನ್ನು ಮುಂಗೈಗೆ ಸುತ್ತಿಕೊಳ್ಳಿ, ಆಮೇಲೆ ಬಾಗಿಲು ತೆಗೆಯಿರಿ. ಈ ಕ್ರಮ ತಪ್ಪಿಸಬೇಡಿ. ಬಾಗಿಲು ತೆರೆದ ಕ್ಷಣದಲ್ಲೇ ನಾಯಿಗಳು ತಪ್ಪಿಸಿಕೊಳ್ಳುತ್ತವೆ. ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಸೆಕೆಂಡ್ ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು, ಮಣ್ಣಿನ ಮೇಲೆ ನಡೆಸಿ. ಹತ್ತಿಸುವ ಮುಂಚೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಳು ಇದೆಯೇ ನೋಡಿ. ಮಳೆಗಾಲವಾದರೆ ಪಾದಕ್ಕೆ ಮೆತ್ತಿದ ಎರೆಮಣ್ಣನ್ನು ಅಲ್ಲೇ ತೊಳೆಯಿರಿ. ಒಣಗಿದರೆ ಬೆರಳ ನಡುವೆ ಕಲ್ಲಾಗುತ್ತದೆ.

10. ನಿಂತ ಕಾರಿನಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಬೇಡಿ.
"ಐದೇ ನಿಮಿಷ, ಟೀ ಕುಡಿದು ಬರ್ತೀವಿ" ಎನ್ನಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಗ್ಲಾಸ್ ಒಂದಿಂಚು ಇಳಿಸಿದರೂ ಹೆಚ್ಚು ವ್ಯತ್ಯಾಸವಾಗದು. ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ. 41 ದಾಟಿದರೆ ಪ್ರಾಣಕ್ಕೆ ಅಪಾಯ. ಜೋರಾಗಿ ತೇಕುತ್ತಿದ್ದರೆ, ಒಸಡು ಕಡುಕೆಂಪಾದರೆ, ನಡಿಗೆ ತೂರಾಡಿದರೆ ತಕ್ಷಣ ನೆರಳಿಗೆ ಒಯ್ಯಿರಿ. ಹೊಟ್ಟೆಗೆ, ತೊಡೆಗೆ, ಪಾದಕ್ಕೆ ತಣ್ಣೀರು ಹಾಕಿ, ಗಾಳಿ ಬೀಸಿ, ಪಶು ವೈದ್ಯರ ಕಡೆ ಓಡಿ. ಹಂಪಿಗೆ ಹೋಗುವವರು ಇದನ್ನು ಮೊದಲೇ ಯೋಚಿಸಿ. 1959ರ ಪ್ರಾಚೀನ ಸ್ಮಾರಕ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದ ಒಳಗೆ ಪ್ರಾಣಿಯನ್ನು ಒಯ್ಯುವಂತಿಲ್ಲ. ಇಬ್ಬಿಬ್ಬರಾಗಿ ಪಾಳಿ ಹಾಕಿಕೊಳ್ಳಿ: ಇಬ್ಬರು ನೋಡಿ ಬರಲಿ, ಇಬ್ಬರು ನಾಯಿಯ ಜೊತೆ ನೆರಳಿನಲ್ಲಿರಲಿ.

11. ಕಾಗದಪತ್ರ ಒಂದು ಫೈಲಿನಲ್ಲಿರಲಿ.
ಲಸಿಕೆ ಪುಸ್ತಕ, ರೇಬೀಸ್ ಲಸಿಕೆಯ ದಿನಾಂಕ, ಔಷಧಿ ಚೀಟಿ, ನಾಯಿಯ ಇತ್ತೀಚಿನ ಫೋಟೊ. ಎಲ್ಲದರ ಫೋಟೊ ತೆಗೆದು ಫೋನಿನಲ್ಲೂ ಇಡಿ. ರಾಷ್ಟ್ರೀಯ ಹೆದ್ದಾರಿ 150ಎ ಬಳ್ಳಾರಿ ದಾಟಿ ಸ್ವಲ್ಪ ದೂರ ಆಂಧ್ರದ ನೆಲದಲ್ಲಿ ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಯಾರು ಎಲ್ಲಿ ಕೇಳಿದರೂ ತೋರಿಸಲು ಕೈಯಲ್ಲಿ ಪುರಾವೆ ಇರಬೇಕು. ಕೊರಳ ಪಟ್ಟಿಯ ಬಿಲ್ಲೆಯ ಮೇಲೆ ನಿಮ್ಮ ಮೊಬೈಲ್ ನಂಬರ್ ಕೆತ್ತಿಸಿ. ಹೆದ್ದಾರಿ ಸಹಾಯವಾಣಿ 1033 ಸೇವ್ ಮಾಡಿಕೊಳ್ಳಿ. ದಾರಿಯ ಪ್ರತಿ ಊರಿನ ಪಶು ಆಸ್ಪತ್ರೆಯನ್ನು ಮ್ಯಾಪ್‌ನಲ್ಲಿ ಗುರುತು ಮಾಡಿ. ಹುಡುಕುವ ಕೆಲಸ ಮನೆಯಲ್ಲಿ ಮುಗಿಯಲಿ, ಗಾಬರಿಯ ಹೊತ್ತಿನಲ್ಲಿ ಬೇಡ.

12. "ನಮ್ ನಾಯಿ ಕಾರಾಗ ಕೂಡಂಗಿಲ್ಲ" ಅನ್ನುವುದನ್ನು ನಿಲ್ಲಿಸಿ.
ಅದು ನಾಯಿಯ ಗುಣವಲ್ಲ, ನಿಮ್ಮ ಅನುಮಾನ. ಅನುಮಾನ ಒಂದು ಚಟ. ಅಭ್ಯಾಸದಿಂದ ಬಿಡಿಸಿ. ಮೊದಲ ವಾರ ನಿಂತ ಕಾರಿನಲ್ಲಿ ಪಕ್ಕದಲ್ಲೇ ಕೂತು ತಿನಿಸು ಕೊಡಿ. ಎರಡನೇ ವಾರ ಇಂಜಿನ್ ಆನ್ ಮಾಡಿ ಕೂರಿಸಿ. ಮೂರನೇ ವಾರ ಸಿರಿಗೇರಿ ಕ್ರಾಸ್‌ವರೆಗೆ ಹೋಗಿ ಬನ್ನಿ, ನಾಲ್ಕನೇ ವಾರ ಬಳ್ಳಾರಿವರೆಗೆ. ಮುಧೋಳ ನಾಯಿಯನ್ನೇ ನೋಡಿ. ಬಾಗಲಕೋಟೆಯ ಈ ಬೇಟೆ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರದಲ್ಲಿ ತರಬೇತಿಗೂ ಸೇರಿತು. ಬೇಟೆಗೆ ಓಡುತ್ತಿದ್ದ ತಳಿ ಸೇನೆಯ ಶಿಸ್ತು ಕಲಿಯುವುದಾದರೆ, ನಿಮ್ಮ ನಾಯಿ ಒಂದು ಸೀಟಿನ ಶಿಸ್ತು ಕಲಿಯದೇ? ಕಲಿಯುತ್ತದೆ. ಶುರುವಿಗೆ ದಿನಕ್ಕೆ ಹದಿನೈದು ನಿಮಿಷ ಕೊಡಿ.

ಈಗ ಕೆಲಸಕ್ಕೆ ಇಳಿಯಿರಿ. ಹೊರಡುವ ಹಿಂದಿನ ಸಂಜೆ ಏಳಕ್ಕೆ ಪ್ಯಾಕಿಂಗ್ ಶುರು ಮಾಡಿ, ಒಂಬತ್ತಕ್ಕೆ ಮುಗಿಸಿ. ಟೈರ್ ಗಾಳಿ, ಸ್ಟೆಪ್ನಿ, ಫಾಸ್ಟ್ಯಾಗ್ ಬ್ಯಾಲೆನ್ಸ್ ನೋಡಿ. ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಹಾಕಿ, ಪವರ್ ವಿಂಡೋ ಲಾಕ್ ಒತ್ತಿ, ಏಕೆಂದರೆ ನಾಯಿಯ ಪಾದಕ್ಕೂ ಸ್ವಿಚ್ ಒತ್ತಲು ಬರುತ್ತದೆ. ಸುಗ್ಗಿಯ ಕಾಲವಾದರೆ ಊರ ಸುತ್ತಿನ ರಸ್ತೆಯಲ್ಲಿ ಭತ್ತ ಒಣಹಾಕಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ನಸುಕಿನಲ್ಲಿ ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿ.

ಊರು ಮುಟ್ಟಿದ ದಿನವೇ ನಾಯಿಯ ಬ್ಯಾಗಿನಲ್ಲಿ ಖಾಲಿಯಾದದ್ದನ್ನು ತುಂಬಿ, ಕೌದಿ ಒಗೆದು ಒಣಗಿಸಿ, ಎರಡನ್ನೂ ಒಂದೇ ಕಡೆ ಇಡಿ. ಮುಂದಿನ ಸಲ ಅರ್ಧ ಪ್ಯಾಕಿಂಗ್ ಆಗಲೇ ಮುಗಿದಿರುತ್ತದೆ. ಪ್ರತಿ ಸಾಮಾನಿಗೂ ಒಂದು ಜಾಗ, ಪ್ರತಿ ಕೆಲಸಕ್ಕೂ ಒಂದು ಹೊತ್ತು, ಎಲ್ಲಕ್ಕಿಂತ ಮೊದಲು ನಂಬಿ ಬಂದ ಜೀವದ ಕ್ಷೇಮ. ಈ ಶಿಸ್ತು ಒಮ್ಮೆ ಮೈಗೂಡಿದರೆ ಕಾರಿನಲ್ಲೂ ನಿಲ್ಲುತ್ತದೆ, ಆಫೀಸಿನಲ್ಲೂ ನಿಲ್ಲುತ್ತದೆ. ಲಿಸ್ಟ್ ಬರೆಯಿರಿ. ಇವತ್ತು ಹಾರ್ನೆಸ್ ಅಳತೆ ತೆಗೆದುಕೊಳ್ಳಿ, ನಾಳೆ ಹೋಗಿ ಕೊಂಡು ತನ್ನಿ.