ಗೇರುತೋಟದ ವಿಷವೂ ಸರಕಾರದ ಹೊಣೆಯೂ

ಹೊಲದ ಮೇಲೆ ವಿಷ ಬಿದ್ದರೆ ರಾಜ್ಯ ಸರಕಾರ ಏನು ಮಾಡಬಲ್ಲದು, ಏನು ಮಾಡಲಾರದು? ಇದನ್ನು ತಿಳಿಯಲು ಕಾಸರಗೋಡಿನ ಎಂಡೋಸಲ್ಫಾನ್ ಪ್ರಕರಣಕ್ಕಿಂತ ಹತ್ತಿರದ ಪಾಠ ಬೇರೊಂದಿಲ್ಲ. ನಮ್ಮ ವಾಚನಾಲಯಕ್ಕೆ ಬರುವ ಹಲವರಿಗೆ ಅದು ತವರಿನ ಕಡೆಯ ನೆಲ.

ಎಂಡೋಸಲ್ಫಾನ್ ಎಂಬುದು ಕೀಟನಾಶಕ. ಗೇರುಮರದ ಚಿಗುರು ಹೂಗಳನ್ನು ಕೆಡಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ವರೆಗೆ, ಸುಮಾರು ಇಪ್ಪತ್ತು ವರ್ಷ, ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನವರು ಇದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ತೋಟಗಳಿರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಗದ್ದೆ, ಅಡಿಕೆತೋಟ ಇರುವುದು ತಗ್ಗಿನಲ್ಲಿ. ಬಾವಿಗಳನ್ನು ಮುಚ್ಚಿಕೊಳ್ಳಿರೆಂದು ಜನರಿಗೆ ಹೇಳಿದ್ದುಂಟು. ಆದರೆ ಆ ಸೀಮೆಯಲ್ಲಿ ಕುಡಿಯುವ ನೀರು ಎಷ್ಟೋ ಮನೆಗಳಿಗೆ ಬರುವುದು ಗುಡ್ಡದ ಮಗ್ಗುಲಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ ಮತ್ತು ಹಳ್ಳದಿಂದ. ಹಳ್ಳಕ್ಕೆ ಮುಚ್ಚಳ ಹಾಕುವವರಾರು? ಮಣ್ಣಿಗೆ ಬಿದ್ದ ಎಂಡೋಸಲ್ಫಾನ್ ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಇದೂ ವಿಷವೇ, ಮತ್ತು ಮೂಲವಸ್ತುವಿಗಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯತಕ್ಕದ್ದು.

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಎಂಬ ವೈದ್ಯರು ಮನೆಮನೆಗಳಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರಗಳು ಅತಿಯಾಗಿರುವುದನ್ನು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಅಲ್ಲಿಯ ಒಂದು ಜಾಗದ ಹೆಸರು ಸ್ವರ್ಗ. ಹೆಸರು ಬರೆಯುವಾಗಲೇ ಮನಸ್ಸು ಅಳುಕುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲಾಮಕ್ಕಳನ್ನು ಸಿಂಪರಣೆಯಾಗದ ಊರಿನ ಮಕ್ಕಳೊಡನೆ ಹೋಲಿಸಿ ನೋಡಿದಾಗ ಇಲ್ಲಿ ರೋಗ ಹೆಚ್ಚೆಂದೇ ಕಂಡುಬಂದಿತು.

ಇನ್ನು ಸರಕಾರದ ಮಾತು. ಸಿಂಪಡಿಸಿದ ಕಾರ್ಪೊರೇಶನ್ ಸರಕಾರದ್ದೇ ಎಂಬುದನ್ನು ವಾಚಕರು ಮರೆಯಬಾರದು. ತಪ್ಪು ಹುಡುಕಬೇಕಾದವರೂ ಉತ್ತರ ಕೊಡಬೇಕಾದವರೂ ಒಂದೇ ಮನೆಯವರಾದರು. ಮೊದಲು ತಡೆ ತಂದದ್ದು ಸರಕಾರವಲ್ಲ: ಕೃಷಿ ಇಲಾಖೆಯ ಸಾಮಾನ್ಯ ನೌಕರಳಾದ ಲೀಲಾಕುಮಾರಿ ಅಮ್ಮ ಎಂಬಾಕೆ ಹೂಡಿದ ದಾವೆ. 2001ರಲ್ಲಿ ಕೇರಳ ಸರಕಾರ ಬಳಕೆಯನ್ನು ನಿಲ್ಲಿಸಿತು, 2002ರಲ್ಲಿ ಆ ಆಜ್ಞೆಯನ್ನು ಸಡಿಲಿಸಿತು, ಅದೇ ವರ್ಷ ಹೈಕೋರ್ಟು ಮತ್ತೆ ತಡೆಯಿತು.

ಈ ಹೊಯ್ದಾಟಕ್ಕೆ ಕಾಯಿದೆಯೂ ಒಂದು ಕಾರಣ. 1968ರ ಕೀಟನಾಶಕ ಕಾಯಿದೆಯ 27ನೆಯ ಕಲಮಿನಂತೆ ರಾಜ್ಯ ಸರಕಾರ ಒಂದು ಔಷಧಿಯನ್ನು 60 ದಿನಗಳ ಮಟ್ಟಿಗೆ ಮಾತ್ರ ನಿಷೇಧಿಸಬಹುದು. ತನಿಖೆ ಮುಗಿಯದಿದ್ದರೆ ಇನ್ನೂ 30 ದಿನ. ನೋಂದಣಿಯನ್ನು ರದ್ದುಮಾಡುವ ಅಧಿಕಾರ ಕೇಂದ್ರದ್ದು. ಕೇಂದ್ರ ಸರಕಾರ ಕೇರಳದ ಮಟ್ಟಿಗೆ ಬಳಕೆಯನ್ನು ನಿಲ್ಲಿಸಿದ್ದು 2005ರಲ್ಲಿ. ಕರ್ನಾಟಕದಲ್ಲಿಯೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರುತೋಟಗಳಿಗೆ ಇದೇ ವಿಷ ಸುರಿದಿತ್ತು, ಇವೇ ರೋಗಗಳು ಕಂಡಿದ್ದವು. ಅಲ್ಲಿಯ ಸರಕಾರ 2011ರ ಫೆಬ್ರವರಿಯಲ್ಲಿ ಹೊರಡಿಸಿದ ನಿಷೇಧವೂ 60 ದಿನಗಳದ್ದೇ. ಆ ವರ್ಷ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ತಡೆಯಾಜ್ಞೆ ಕೊಟ್ಟಿತು.

ಆದರೆ ಪರಿಹಾರ ಕೊಡಲು ರಾಜ್ಯದ ಕೈಯನ್ನು ಯಾವ ಕಲಮೂ ಕಟ್ಟಿರಲಿಲ್ಲ. 2006ರಲ್ಲಿ ಕೇರಳ ಸರಕಾರ ಸತ್ತವರ ಕುಟುಂಬಗಳಿಗೆ 50,000 ರೂಪಾಯಿ ಕೊಡತೊಡಗಿತು. 2010ರ ಕೊನೆಯಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗವು ಸತ್ತವರ ಮನೆಗೂ ಹಾಸಿಗೆ ಹಿಡಿದವರಿಗೂ 5 ಲಕ್ಷ, ಉಳಿದವರಿಗೆ 3 ಲಕ್ಷ ಕೊಡಬೇಕೆಂದಿತು. 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ, ಎಲ್ಲರಿಗೂ 5 ಲಕ್ಷವನ್ನು ಮೂರು ತಿಂಗಳೊಳಗೆ ಕೊಡಿರೆಂದು ಆಜ್ಞಾಪಿಸಿತು. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯ ಲೆಕ್ಕ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ. ಆ ಎಂಟು ಮಂದಿಯೂ ನ್ಯಾಯಾಲಯದ ಮೆಟ್ಟಿಲೇರಿದವರು. ಹಂಚಿಕೆ ಚುರುಕಾದದ್ದು ನ್ಯಾಯಾಧೀಶರು ಛೀಮಾರಿ ಹಾಕಿದ ಮೇಲೆ.

ಈ ಹಣವೆಲ್ಲ ಸಿಗುವುದು ವೈದ್ಯ ಶಿಬಿರದಲ್ಲಿ ಪರೀಕ್ಷೆಯಾಗಿ ಪಟ್ಟಿಯಲ್ಲಿ ಹೆಸರು ಸೇರಿದವರಿಗೆ. ಆ ಕಡೆ ಬಂಧುಗಳಿರುವವರು ಈ ಸಲ ಊರಿಗೆ ಹೋದಾಗ ಆ ಕಾಗದಗಳು ಕೈಯಲ್ಲಿವೆಯೇ ಎಂದು ಕೇಳಿ ನೋಡಿರಿ.